ಹತ್ತು ಇಪ್ಪತ್ತೈದು

ಬಸ್ ಸ್ಟಾಪಿನ ಫಲಕದಲ್ಲಿ ಮೊದಲು ಏಳು ನಿಮಿಷ ಎಂದಿತ್ತು. ಏಳು ಹೋಗಿ ನಾಲ್ಕಾಯಿತು, ಎರಡಾಯಿತು, ಬಸ್ಸು ಇನ್ನೇನು ಬಂದೇಬಿಟ್ಟಿತು ಎಂಬ ಅರ್ಥದ ಪದವೊಂದು ಮಿನುಗಿತು. ಮರುಕ್ಷಣ ಆ ಸಾಲೇ ಅಳಿಸಿಹೋಗಿ ಅದರ ಜಾಗಕ್ಕೆ ಮುಂದಿನ ಬಸ್ಸಿನ ಹತ್ತೊಂಬತ್ತು ನಿಮಿಷ ಏರಿ ಕೂತಿತು. ರಸ್ತೆಯಲ್ಲಿ ಮಾತ್ರ ಯಾವ ಬಸ್ಸೂ ಕಾಣಲಿಲ್ಲ. ಇಂದುಶೇಖರ ಫಲಕವನ್ನೂ ರಸ್ತೆಯನ್ನೂ ತನ್ನ ಕೈಗಡಿಯಾರವನ್ನೂ ಒಂದಾದ ಮೇಲೊಂದು ನೋಡಿದ. ಈ ಊರಿನ ಯಾವುದೋ ಕಂಪ್ಯೂಟರಿನಲ್ಲಿ ಅದು ಸಮಯಕ್ಕೆ ಸರಿಯಾಗಿ ಬಂದು ಹೋದ ಬಸ್ಸೆಂದೇ ದಾಖಲಾಗಿರಬಹುದು ಎನಿಸಿ ಅವನಿಗೆ ವಿನಾಕಾರಣ ನಾಚಿಕೆಯಾಯಿತು. ಪಕ್ಕದಲ್ಲಿ ಗಾಲಿಚೀಲ ಹಿಡಿದು ನಿಂತಿದ್ದ ಮುದುಕಿ ಅವನ ಕಡೆ ತಿರುಗಿ, “ಬರೋ ಹೊತ್ತಿಗೆ ಬರುತ್ತೆ ಬಿಡು, ಲವ್,” ಎಂದಳು. ಶೆಫೀಲ್ಡಿಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಅಪರಿಚಿತರು ಹಾಗೆ ಕರೆದಾಗ ಮುಖ ಹೇಗಿಟ್ಟುಕೊಳ್ಳಬೇಕೆಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ನಕ್ಕ. ನಕ್ಕದ್ದು ಹೆಚ್ಚಾಯಿತೆಂದು ಅನ್ನಿಸಿ ಕಂಕುಳಲ್ಲಿದ್ದ ಫೈಲನ್ನು ಕೈಗೆ ತೆಗೆದುಕೊಂಡ.

ಫೈಲಿನಲ್ಲಿ ಹದಿನಾಲ್ಕು ಪುಟದ ವರದಿ ಇತ್ತು. ಅವನೇ ಬರೆದದ್ದು. ಹತ್ತು ಗಂಟೆಗೆ ಡೋರ್ ಬಡಾವಣೆಯಲ್ಲಿ ಡಾಕ್ಟರ್ ಬಾಲಕೃಷ್ಣರ ಮನೆಯಲ್ಲಿ, ಹಳ್ಳಿಯ ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ಅವರ ಟ್ರಸ್ಟಿನ ಸಭೆ. ಹೊಸ ವ್ಯಾನಿಗೆ ಸೋಮಾರುವನ್ನು ಮತ್ತೆ ಡ್ರೈವರಾಗಿ ತೆಗೆದುಕೊಳ್ಳುವುದೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಬೇಡ ಎನ್ನುವುದಕ್ಕೆ ಇದ್ದ ಒಂದೇ ಆಧಾರ ಈ ವರದಿಯ ಏಳನೆಯ ಪುಟದ ಒಂದು ವಾಕ್ಯ. ಆ ವಾಕ್ಯ ಸುಳ್ಳಲ್ಲ. ಹಾಗೆಂದು ಇಂದುಶೇಖರ ಆರು ತಿಂಗಳಿಂದ ತನಗೇ ಹೇಳಿಕೊಳ್ಳುತ್ತ ಬಂದಿದ್ದ, ಹಲ್ಲು ನೋಯುವವನು ನಾಲಗೆಯಿಂದ ಅದೇ ಹಲ್ಲನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಹಾಗೆ.

ಸೋಮಾರುವಿನ ಧ್ವನಿ ಸಂದೇಶ ನಲವತ್ತೊಂದು ಸೆಕೆಂಡಿನದು. ಬೆಳಿಗ್ಗೆ ಅಡುಗೆಮನೆಯಲ್ಲಿ ಅದನ್ನು ಆರನೆಯ ಸಲ ಹಾಕಿಕೊಂಡಾಗ ಮಗಳು ಇಂಚರಾ ಟೋಸ್ಟಿಗೆ ಬೆಣ್ಣೆ ಸವರುತ್ತ ನಿಂತಿದ್ದಳು. ಹೆಂಡತಿ ಹಂಸಾಳಿಗೆ ಆಸ್ಪತ್ರೆಯಲ್ಲಿ ಶನಿವಾರದ ಪಾಳಿ ಇದ್ದುದರಿಂದ ಮನೆಯಲ್ಲಿ ಅವರಿಬ್ಬರೇ. ‘ಸರ್, ಹೊಸ ವ್ಯಾನ್ ಬರ್ತಿದೆ ಅಂತ ಕೇಳಿದೆ. ರಸ್ತೆ ನನಗೆ ಗೊತ್ತು. ಎಡಗಿವಿ ಕೇಳಲ್ಲ, ಆದ್ರೆ ಗಾಡಿ ಓಡಿಸೋಕೆ ಕಣ್ಣು ಸಾಕಲ್ಲ ಸರ್. ಹೆಂಗಸರು ಕೇಳ್ತಾನೇ ಇದಾರೆ. ನಿಮ್ಮ ಮೀಟಿಂಗಲ್ಲಿ ಒಂದು ಮಾತು ಹೇಳಿ.’ ಹಿಂದಿಯಲ್ಲಿ ಅಷ್ಟೇ ಹೇಳಿ, ಕೊನೆಯಲ್ಲಿ ಏನೋ ಹೇಳಲು ಹೋಗಿ ಉಸಿರೆಳೆದುಕೊಂಡು ಅವನು ಸುಮ್ಮನಾಗಿದ್ದ. ಆ ಉಸಿರೂ ಸೇರಿ ನಲವತ್ತೊಂದು ಸೆಕೆಂಡು.

“ಹೂ ಈಸ್ ಹಿ, ಅಪ್ಪಾ?”

“ನಮ್ಮ ವ್ಯಾನ್ ಡ್ರೈವರು. ಹೇಳಿದ್ನಲ್ಲ, ಹಳ್ಳಿಗಳಿಗೆ ಕಂಪ್ಯೂಟರ್ ತಗೊಂಡ್ಹೋಗಿ ಕಲಿಸ್ತಿದ್ದ.”

“ಈಸ್ ಹಿ ಸೇಯಿಂಗ್ ಸಾರಿ?”

“ಇಲ್ಲಮ್ಮ. ಕೆಲಸ ಕೇಳ್ತಿದಾನೆ.”

“ಸೇಮ್ ವಾಯ್ಸ್,” ಎಂದಳು ಅವಳು, ಟೋಸ್ಟನ್ನು ಅಡ್ಡ ಕತ್ತರಿಸುತ್ತ. ಹದಿನಾರು ವರ್ಷದ ಹುಡುಗಿ, ಹಿಂದಿಯ ಒಂದು ಪದವೂ ಬಾರದವಳು, ಕೇವಲ ದನಿಯಿಂದ ಅಷ್ಟನ್ನು ತಿಳಿದದ್ದು ಅವನಿಗೆ ಇಷ್ಟವಾಗಲಿಲ್ಲ. ‘ಶೂ ಬಾಗಿಲ ಹತ್ತಿರ ಬಿಡಬೇಡ ಅಂತ ಎಷ್ಟು ಸಲ ಹೇಳೋದು’ ಎಂದು ಗದರಿ ಹೊರಬಿದ್ದಿದ್ದ. ಬಾಗಿಲ ಹತ್ತಿರ ಇದ್ದದ್ದು ಅವನದೇ ಶೂ.

ಸೋಮಾರುವಿನ ಕಡೆಯವರು ಎಲ್ಲಿಗಾದರೂ ಹೊರಡುವಾಗ ಎಷ್ಟು ಹೊತ್ತಿಗೆ ಹೋಗುತ್ತೇವೆ, ಯಾವ ದಾರಿಯಲ್ಲಿ ಹೋಗುತ್ತೇವೆ ಎಂದು ಹೇಳುವುದಿಲ್ಲ. ಕೇಳುವುದೂ ಇಲ್ಲ. ಸೋಮಾರು ಇದನ್ನು ಮೊದಲ ಭೇಟಿಯಲ್ಲೇ ಹೇಳಿದ್ದ. ಛತ್ತೀಸ್‌ಗಢದ ದಕ್ಷಿಣದ ಕಾಡುಸೀಮೆಯಲ್ಲಿ ಇಂದುಶೇಖರ ಹನ್ನೊಂದು ದಿನ ಇದ್ದ. ವ್ಯಾನಿನ ಒಳಗೆ ಹನ್ನೆರಡು ಲ್ಯಾಪ್‌ಟಾಪು, ಮಾಡಿನ ಮೇಲೆ ಸೋಲಾರ್ ಫಲಕ, ಬಾಗಿಲ ಹತ್ತಿರ ಕೈ ತೊಳೆಯಲು ಬಕೀಟು ಮತ್ತು ಸೋಪು. ಕೈ ತೊಳೆಯುವ ನಿಯಮ ಅವನದೇ. ಹೆಂಗಸರು ತೊಳೆದ ಕೈಯನ್ನು ಮತ್ತೊಮ್ಮೆ ಸೆರಗಿಗೆ ಒರೆಸಿಕೊಂಡು, ಬೆರಳನ್ನು ಕೀಲಿಗಳ ಮೇಲೆ ಗಾಳಿಯಲ್ಲೇ ಹಿಡಿದು, ಒತ್ತಬಹುದೇ ಎಂದು ಅವನ ಮುಖ ನೋಡುತ್ತಿದ್ದರು. ಕೊರಂಗಪಾರಾ ಎಂಬ ಹಳ್ಳಿಯ ಹುಣಸೆ ಮರದ ಕೆಳಗೆ ಒಬ್ಬಳು ತನ್ನ ಹೆಸರಿನ ಮೊದಲಕ್ಷರವನ್ನು ಒತ್ತಿ, ಬೆರಳು ತೆಗೆಯಲು ಮರೆತು, ಪರದೆಯ ತುಂಬ ಅದೇ ಅಕ್ಷರ ಇರುವೆಸಾಲಿನಂತೆ ಹರಿದಾಗ ಕಿರುಚಿಕೊಂಡು ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಹಿಂದಿರುಗುವಾಗ, ಮುಂದಿನ ವಾರ ಎಷ್ಟು ಗಂಟೆಗೆ ಬರುತ್ತೀಯೆಂದು ಅವರಿಗೆ ಹೇಳಿದೆಯಾ ಎಂದು ಸೋಮಾರುವನ್ನು ಇವನು ಕೇಳಿದ. “ನಾನು ಮನೆ ಬಿಡುವಾಗ ನನ್ನ ಅವ್ವಾನೂ ಕೇಳಲ್ಲ ಸರ್,” ಎಂದು ಸೋಮಾರು ನಕ್ಕ. “ಗೊತ್ತಿಲ್ಲದೆ ಇದ್ರೆ ಯಾರು ಬಂದು ಕೇಳಿದ್ರೂ ಹೇಳೋಕೆ ಇರಲ್ಲವಲ್ಲ.” ಟ್ರಸ್ಟಿನ ನಿಯಮದಲ್ಲೂ ಅದೇ ಇತ್ತು, ಅಲ್ಲಿನವರ ಸಲಹೆಯ ಮೇಲೆ ಸೇರಿಸಿದ್ದು: ದಾರಿ ಮತ್ತು ವೇಳೆಯನ್ನು ವಾರವಾರವೂ ಡ್ರೈವರನೇ ಬದಲಾಯಿಸಬೇಕು, ಯಾರಿಗೂ ಮುಂಚೆ ತಿಳಿಸಬಾರದು.

ಶೆಫೀಲ್ಡಿಗೆ ಹಿಂದಿರುಗಿ ಹಾಜರಾತಿಯ ಅಂಕಿಗಳನ್ನು ಹರಡಿಕೊಂಡು ಕೂತಾಗ ಇಂದುಶೇಖರನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ವ್ಯಾನು ಒಂದು ವಾರ ಒಂಬತ್ತಕ್ಕೆ, ಇನ್ನೊಂದು ವಾರ ಒಂದು ಗಂಟೆಗೆ ಹೋದರೆ ಸರಾಸರಿ ಒಂಬತ್ತು ಹೆಂಗಸರು ಬರುತ್ತಿದ್ದರು. ಉಳಿದವರು ಮಹುವಾ ಹೂ ಆಯಲೋ ಎಲೆ ಕೀಳಲೋ ಹೋಗಿಬಿಟ್ಟಿರುತ್ತಿದ್ದರು. ಅವನು ಲೋಹಗಳ ದಣಿವನ್ನು ಅಳೆಯುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಒಂದು ಸರಳನ್ನು ಯಂತ್ರಕ್ಕೆ ಕಚ್ಚಿಸಿ ಲಕ್ಷಾಂತರ ಸಲ ಒಂದೇ ಭಾರ ಹಾಕಿ ತೆಗೆಯುವುದು, ಎಷ್ಟನೆಯ ಸಲಕ್ಕೆ ಮುರಿಯಿತೆಂದು ಬರೆಯುವುದು. ಕ್ರಮವಿಲ್ಲದ ಪ್ರಯೋಗದಿಂದ ಏನೂ ತಿಳಿಯದೆಂಬುದು ಅವನ ರಕ್ತದಲ್ಲಿ ಸೇರಿಹೋಗಿತ್ತು. ನಲವತ್ತಮೂರು ಕಿಲೋಮೀಟರು, ಆ ರಸ್ತೆಯಲ್ಲಿ ಗಂಟೆಗೆ ಹದಿನೆಂಟರ ವೇಗ. ಮಂಗಳವಾರ ಎಂಟಕ್ಕೆ ಬಿಟ್ಟರೆ ಹತ್ತು ಇಪ್ಪತ್ತಮೂರಕ್ಕೆ ಕೊರಂಗಪಾರಾ. ಹತ್ತು ಇಪ್ಪತ್ತೈದು ಎಂದು ಹಿಡಿದ. ಐದು ಹಳ್ಳಿಗಳಿಗೂ ಹೀಗೆ ಲೆಕ್ಕ ಹಾಕಿ ಒಂದು ಭಾನುವಾರ ಫೋನಿನಲ್ಲಿ ಸೋಮಾರುವಿಗೆ ಹೇಳಿದ. “ಸರ್, ಬೆಳಿಗ್ಗೆ ಅಂತ ಹೇಳಿದ್ರೆ ಸಾಲದಾ?” ಎಂದು ಸೋಮಾರು ಕೇಳಿದ. ಮೂರು ತಿಂಗಳು ನೋಡೋಣ ಎಂದ ಇಂದುಶೇಖರ. ಸೋಮಾರು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರೆಯುವಾಗ ಒಂದೊಂದು ಅಂಕಿಯನ್ನೂ ಅವನು ಪಿಸುಗುಟ್ಟಿದ್ದು ಕೇಳಿಸಿತ್ತು. ಒಂಬತ್ತು ಇದ್ದದ್ದು ಇಪ್ಪತ್ತೇಳಾಯಿತು. ಗಡಿಯಾರವಿಲ್ಲದ ಹೆಂಗಸರು ಮೊಬೈಲಿನಲ್ಲಿ ಹೊತ್ತು ನೋಡುವುದನ್ನು ಕಲಿತರು. ವಾರ್ಷಿಕ ಸಭೆಯಲ್ಲಿ ಆ ಏರುಗೆರೆ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅದು ಹೇಗೆ ಏರಿತೆಂದು ಯಾರೂ ಕೇಳಲಿಲ್ಲ. ಮೂರು ತಿಂಗಳು ಮುಗಿದ ಮೇಲೆ ಸೋಮಾರು ಎರಡು ಸಲ ಕೇಳಿದ: ಸರ್, ಬದಲಾಯಿಸಲಾ? ಇನ್ನೊಂದಿಷ್ಟು ದಿನ ಇರಲಿ, ಅಂಕಿ ಕೆಡುತ್ತದೆ ಎಂದು ಎರಡು ಸಲವೂ ಇವನು ಹೇಳಿದ. ಲ್ಯಾಬಿನಲ್ಲಿ ಆ ವಾರ ಒಂದು ಸರಳು ಮುರಿದಿತ್ತು. ದೊಡ್ಡ ಭಾರದಿಂದಲ್ಲ. ಸಣ್ಣದು, ಅದೇ ಜಾಗಕ್ಕೆ, ಅದೇ ಅಂತರದಲ್ಲಿ ಬಿದ್ದದ್ದು.

ಹತ್ತೊಂಬತ್ತು ನಿಮಿಷದ ಬಸ್ಸು ಹದಿನಾರಕ್ಕೇ ಬಂದಿತು. ಮುದುಕಿ ಗೆದ್ದವಳಂತೆ ಹುಬ್ಬೇರಿಸಿ ಮೊದಲು ಹತ್ತಿದಳು. ಎಕ್ಲೆಸಾಲ್ ರಸ್ತೆಯ ಉದ್ದಕ್ಕೂ ಬಿಸಿಲು ತೆಳ್ಳಗೆ ಬಿದ್ದಿತ್ತು. ಕಾಫಿ ಅಂಗಡಿಗಳ ಹೊರಗೆ ನಾಯಿಗಳೂ ತಳ್ಳುಗಾಡಿಯ ಮಕ್ಕಳೂ ಒಂದೇ ಬಗೆಯ ತಾಳ್ಮೆಯಿಂದ ಕೂತಿದ್ದರು. ಅಲ್ಲಿ ಆ ಒಂದು ಮಂಗಳವಾರ ಹತ್ತೂಕಾಲರ ಸುಮಾರಿಗೆ, ಕೊರಂಗಪಾರಾ ಇನ್ನು ಎರಡು ಕಿಲೋಮೀಟರಿರುವಾಗ, ಮೋರಿಯ ಹತ್ತಿರ ಕಾಡಿನ ನಕ್ಸಲರು ಕಾದು ಕೂತಿದ್ದರು. ವ್ಯಾನನ್ನು ಸುಟ್ಟರು. ಸೋಮಾರುವನ್ನು ಒಂಬತ್ತು ದಿನ ಇಟ್ಟುಕೊಂಡರು, ಬಿಟ್ಟ ಮೇಲೆ ಪೊಲೀಸರು ನಾಲ್ಕು ದಿನ ಇಟ್ಟುಕೊಂಡರು. ಕಿವಿ ಯಾರ ಪೆಟ್ಟಿನಿಂದ ಹೋಯಿತೆಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಎರಡೂ ಕಡೆಯವರು ಅದೇ ನೋಟ್‌ಬುಕ್ಕನ್ನು ಮುಂದಿಟ್ಟು ಅದೇ ಪ್ರಶ್ನೆ ಕೇಳಿದ್ದರು: ಈ ವೇಳೆಯನ್ನು ನಿನಗೆ ಕೊಟ್ಟವರು ಯಾರು? ಯಾರ ಜೊತೆ ಗೊತ್ತುಮಾಡಿಕೊಂಡು ಓಡಾಡುತ್ತಿದ್ದೀಯ? ಎರಡೂ ಕಡೆ ಸೋಮಾರು ಹೇಳಿದ್ದು, ನಾನೇ ಬರೆದುಕೊಂಡೆ ಎಂದು. ಪೊಲೀಸ್ ಹೇಳಿಕೆಯ ಪ್ರತಿ ಟ್ರಸ್ಟಿಗೂ ಬಂದಿತ್ತು. ಇಂದುಶೇಖರ ಅದನ್ನು ಓದಿ, ಎರಡು ದಿನ ಬಿಟ್ಟು, ವರದಿಯ ಏಳನೆಯ ಪುಟದಲ್ಲಿ ಬರೆದ: ‘ಚಾಲಕನ ಹೇಳಿಕೆಯ ಪ್ರಕಾರ ವಾರವಾರವೂ ಬದಲಾಗದ ಪ್ರಯಾಣದ ವೇಳೆಯನ್ನು ಅವನೇ ಗೊತ್ತುಮಾಡಿದ್ದನು.’ ಕೆಳಗೆ ಅಡಿಟಿಪ್ಪಣಿ, ಅನುಬಂಧದ ಸಂಖ್ಯೆ, ಪುಟ, ಸಾಲು. ಉಲ್ಲೇಖದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬರೆದು ಮುಗಿಸಿ ಅವನು ಹೋಗಿ ಬಹಳ ಹೊತ್ತು ಕೈ ತೊಳೆದಿದ್ದ, ಸೋಪು ಹಾಕಿ. ಆಗ ಬಕೀಟು ನೆನಪಾಗಿರಲಿಲ್ಲ, ಈಗ ಬಸ್ಸಿನಲ್ಲಿ ನೆನಪಾಯಿತು.

ಬಾಗಿಲು ತೆರೆದ ಬಾಲಕೃಷ್ಣ ಗಡಿಯಾರ ನೋಡಿಕೊಳ್ಳುವ ಅಭಿನಯ ಮಾಡಿದರು. ನಿವೃತ್ತ ಸರ್ಜನ್, ಮೈಸೂರಿನವರು, ದೊಡ್ಡ ದೇಹ, ದೊಡ್ಡ ಮಾತು. “ಬಾರಯ್ಯ ಇಂದು! ನಮ್ಮ ಗಡಿಯಾರವೇ ಲೇಟಾದ್ರೆ ನಾವೆಲ್ಲ ಯಾರನ್ನ ನೋಡಿ ಟೈಮ್ ಇಟ್ಕೊಳ್ಳೋದು?”

“ಬಸ್ಸು ಬರಲಿಲ್ಲ ಸರ್. ಬೋರ್ಡಿನಲ್ಲಿ ಬಂದಿತ್ತು.”

“ಬೋರ್ಡಿನಲ್ಲಿ ಬಂತಾ! ಹಾಗಾದ್ರೆ ನೀನೂ ಬೋರ್ಡಿನಲ್ಲೇ ಬಂದಿದೀಯ ಅಂತ ಮಿನಿಟ್ಸಿಗೆ ಹಾಕಿದ್ರಾಯ್ತು. ಶೂ ಅಲ್ಲೇ ಬಿಡು.”

ಶೂ ಬಿಚ್ಚಿದಾಗ ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಅದನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ಗಾಜಿನ ಕೋಣೆಯಲ್ಲಿ ಕೂತ. ಮೇಜಿನ ಮೇಲೆ ಒಗ್ಗರಣೆ ಅವಲಕ್ಕಿ, ಪರದೆಯಲ್ಲಿ ಲೀಡ್ಸಿನಿಂದಲೂ ಬರ್ಮಿಂಗ್‌ಹ್ಯಾಮಿನಿಂದಲೂ ಸೇರಿಕೊಂಡ ಇಬ್ಬರು ಟ್ರಸ್ಟಿಗಳು. ಕಾರ್ಯದರ್ಶಿ ಸಂಯುಕ್ತಾ ಲೆಮಿಂಗ್ಟನ್ ಸ್ಪಾದಿಂದ ಕಾರು ಓಡಿಸಿಕೊಂಡು ಬಂದಿದ್ದಳು. ಅಲ್ಲಿನ ಗೇಮ್ ಸ್ಟುಡಿಯೊ ಒಂದರಲ್ಲಿ ಕೆಲಸ. ಹಳ್ಳಿಯ ಹೆಂಗಸರಿಗೆ ಕೀಲಿಮಣೆ ಕಲಿಸಲು ಕೋಳಿಯೊಂದು ಅಕ್ಷರಗಳನ್ನು ಹೆಕ್ಕಿ ತಿನ್ನುವ ಆಟ ಬರೆದವಳು ಅವಳೇ. ಹೊಸ ವ್ಯಾನು, ಹೊಸ ಲ್ಯಾಪ್‌ಟಾಪುಗಳ ಮಾತು ಬೇಗ ಮುಗಿಯಿತು. ನಾಲ್ಕನೆಯ ವಿಷಯಕ್ಕೆ ಅವಳು ಏಳನೆಯ ಪುಟವನ್ನು ಪರದೆಗೆ ಹಾಕಿ ಆ ವಾಕ್ಯವನ್ನು ಗಟ್ಟಿಯಾಗಿ ಓದಿದಳು.

“ನಂಗೂ ಸೋಮಾರು ಅಂದ್ರೆ ಇಷ್ಟವೇ,” ಎಂದಳು. “ಆದ್ರೆ ಸೇಫ್ಟಿ ರೂಲ್ ಮುರಿದೋನನ್ನ ಮತ್ತೆ ತಗೋಬೇಕು ಅಂದ್ರೆ ಕಾರಣ ಬರೀಬೇಕು ಸರ್. ಇನ್ಶೂರೆನ್ಸ್‌ನವರು ಕೇಳ್ತಾರೆ, ಅಲ್ಲಿನ ಜಿಲ್ಲಾ ಆಫೀಸ್‌ನವರು ಕೇಳ್ತಾರೆ. ಪಾಪ ಅಂತ ಬರೆಯೋಕಾಗಲ್ಲವಲ್ಲ.”

“ಪಾಪ ಅನ್ನೋದೇನೋ ನಿಜವೇ,” ಎಂದರು ಬಾಲಕೃಷ್ಣ, ಅವಲಕ್ಕಿಯ ನಿಂಬೆಹೋಳು ಹಿಂಡುತ್ತ. “ಅವನಿಗೇ ಒಳ್ಳೇದಲ್ಲ. ಬೇರೆ ಯಾರನ್ನಾದ್ರೂ ನೋಡೋಣ. ಏನಂತೀಯ ಇಂದು?”

ಇಂದುಶೇಖರ ಹೆಬ್ಬೆರಳನ್ನು ಮುಚ್ಚಿದ್ದ ಪಾದ ತೆಗೆದ. “ಆ ವೇಳೆ ಅವನು ಗೊತ್ತುಮಾಡಿದ್ದಲ್ಲ,” ಎಂದ. “ನಾನು ಫೋನಿನಲ್ಲಿ ಹೇಳಿದ್ದು. ಬದಲಾಯಿಸಲಾ ಅಂತ ಎರಡು ಸಲ ಕೇಳಿದ. ಬೇಡ ಅಂದೆ.”

ತಾನು ಇಷ್ಟು ದಿನ ಹೊತ್ತಿದ್ದದ್ದು ನಾಲ್ಕು ಸಣ್ಣ ವಾಕ್ಯ ಮಾತ್ರವೇ ಎಂದು ಅವನಿಗೆ ಆಶ್ಚರ್ಯವಾಯಿತು. ಲೀಡ್ಸಿನವರು ಪರದೆಯಲ್ಲಿ ಏನೋ ಹೇಳಿದರು, ದನಿ ಕೇಳಲಿಲ್ಲ. ಮ್ಯೂಟ್ ತೆಗೀರಿ ಎಂದು ಬರ್ಮಿಂಗ್‌ಹ್ಯಾಮಿನವರು ಸನ್ನೆ ಮಾಡಿದರು.

“ಮತ್ತೆ ಇದು?” ಸಂಯುಕ್ತಾ ಪುಟ ತೋರಿಸಿದಳು.

“ಅದು ಅವನ ಹೇಳಿಕೆ. ಠಾಣೆಯಲ್ಲಿ ಕೊಟ್ಟದ್ದು. ನನ್ನ ಹೆಸರು ಹೇಳಬಾರದು ಅಂತ ಹಾಗೆ ಹೇಳಿರಬೇಕು. ಅದು ನಿಜವಲ್ಲ ಅಂತ ಗೊತ್ತಿದ್ದೂ ನಾನು ಹಾಕಿದೆ.”

ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಯಾವ ಪದಗಳಲ್ಲಿ ಬರಬಹುದೆಂದು ಬಸ್ಸಿನಲ್ಲೇ ಊಹಿಸಿಕೊಂಡಿದ್ದ. ಆದರೆ ಬಾಲಕೃಷ್ಣ ಎದ್ದು ಬಂದು ಅವನ ಭುಜದ ಮೇಲೆ ಕೈ ಇಟ್ಟರು. “ನೋಡಮ್ಮ ಸಂಯುಕ್ತಾ, ಮೂವತ್ತೈದು ವರ್ಷ ಆಪರೇಷನ್ ಥಿಯೇಟರಿನಲ್ಲಿ ಇದ್ದೆ. ತಪ್ಪು ನಂದು ಅಂತ ಬಾಯಿ ಬಿಟ್ಟು ಹೇಳಿದವರನ್ನ ಒಂದೇ ಕೈಯ ಬೆರಳಲ್ಲಿ ಎಣಿಸಬಹುದು.” ಲೀಡ್ಸಿನವರು ದನಿಯಿಲ್ಲದೆ ಚಪ್ಪಾಳೆ ತಟ್ಟಿದರು. ಸಂಯುಕ್ತಾಳ ಕಣ್ಣು ಒದ್ದೆಯಾದ ಹಾಗಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು: ವರದಿಗೆ ಇಂದುಶೇಖರನ ಸಹಿಯ ತಿದ್ದುಪಡಿ ಸೇರುವುದು, ಸಂಯುಕ್ತಾ ಹೊರಡುವ ಮುಂಚೆ ಇಲ್ಲೇ ಟೈಪ್ ಮಾಡಿ ವೆಬ್‌ಸೈಟಿಗೆ ಹಾಕುವುದು, ಸೋಮವಾರ ಅದರ ಪ್ರತಿ ಹೊಸ ವ್ಯಾನಿನ ಪರವಾನಗಿ ಅರ್ಜಿಯ ಜೊತೆ ಜಿಲ್ಲಾ ಆಫೀಸಿಗೆ ಹೋಗುವುದು, ಸೋಮಾರು ಮತ್ತೆ ಡ್ರೈವರು. “ಇಂದು, ಅವಲಕ್ಕಿ ಮುಟ್ಟೇ ಇಲ್ಲವಲ್ಲಯ್ಯ,” ಎಂದರು ಬಾಲಕೃಷ್ಣ. ಅವನು ತಿಂದ. ಎರಡನೆಯ ಸಲ ಹಾಕಿಸಿಕೊಂಡ.

ಹೊರಗೆ ಬಂದಾಗ ಹನ್ನೆರಡಕ್ಕೆ ಐದು ನಿಮಿಷ. ಅಲ್ಲಿ ನಾಲ್ಕೂವರೆಯ ಸಮಯ. ಇಳಿಜಾರಿನಲ್ಲಿ ನಡೆಯುತ್ತ ಅವನಿಗೆ ಮೈ ಹಗುರವಾದಂತಿತ್ತು. ಬೇಲಿಗಳ ಹೂವಿನ ಬಣ್ಣಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿದ್ದ. ಹೊಗಳಿಸಿಕೊಂಡದ್ದು ಅಸಹ್ಯವೆಂದು ಒಳಗೆ ಯಾರೋ ಹೇಳುತ್ತಿದ್ದರೂ ಆ ಅಸಹ್ಯವೂ ಒಂದು ರೀತಿಯಲ್ಲಿ ಚೆನ್ನಾಗಿತ್ತು. ಹಂಸಾಳಿಗೆ ಸಂಜೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡ. ಇಂಚರಾಳ ಮುಂದೆಯೇ ಹೇಳಬೇಕು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಫಲಕದಲ್ಲಿ ಇಪ್ಪತ್ತಮೂರು ನಿಮಿಷ. ಫೋನು ಮಾಡಿದ.

ಸೋಮಾರು ಎತ್ತಿದ. ಹಿಂದೆ ಹೆಂಗಸರ ದನಿ, ಕೋಳಿ ಕೂಗುವುದು, ನಿಜವಾದ ಕೋಳಿ. “ಒಂದು ನಿಮಿಷ ಸರ್, ಬಲಗಿವಿಗೆ ಹಿಡ್ಕೋತೀನಿ. ಹಾಂ ಹೇಳಿ.”

“ಎಲ್ಲಿದೀಯಪ್ಪ?”

“ಕೊರಂಗಪಾರಾದಲ್ಲಿ ಸರ್. ಸೈಕಲ್ಲಲ್ಲಿ ಬರ್ತೀನಿ ವಾರಕ್ಕೊಂದು ಸಲ. ಮಂಗಳವಾರ ಅಂತ ಇಲ್ಲ, ಯಾವಾಗಲಾದ್ರೂ. ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಟ್ಟಿದೀನಿ ಇವರಿಗೆ. ಬೆರಳು ಮರೀಬಾರದಲ್ಲ. ಒಬ್ಬಳು ತಪ್ಪು ಕೀ ಒತ್ತಿದ್ರೆ ಪಕ್ಕದವಳು ಕೈಗೆ ಹೊಡೀತಾಳೆ, ಕಂಪ್ಯೂಟರಿಗಿಂತ ಅದೇ ವಾಸಿ.” ನಕ್ಕ. ಆಮೇಲೆ ನಗು ನಿಲ್ಲಿಸಿ, “ಮೀಟಿಂಗ್ ಆಯ್ತಾ ಸರ್?” ಎಂದ.

“ಆಯ್ತು. ನಿನ್ನ ತಗೋತಾರೆ. ಎಲ್ಲ ಹೇಳಿಬಿಟ್ಟೆ ಸೋಮಾರು. ವೇಳೆ ಕೊಟ್ಟೋನು ನಾನು, ನೀನಲ್ಲ ಅಂತ. ವರದಿ ತಿದ್ದುತಾ ಇದೀವಿ. ಇವತ್ತೇ ಹಾಕ್ತಾರೆ, ಸೋಮವಾರ ಜಿಲ್ಲಾ ಆಫೀಸಿಗೂ ಹೋಗತ್ತೆ.”

ಹಿಂದಿನ ಹೆಂಗಸರ ದನಿ ದೂರವಾಯಿತು. ಅವನು ಎದ್ದು ಮರದಿಂದ ಆಚೆ ಹೋಗುತ್ತಿರಬೇಕು. ಒಣ ಎಲೆಯ ಮೇಲೆ ಕಾಲಿಡುವ ಸದ್ದು. ಧನ್ಯವಾದ ಹೇಳಲು ಅವನಿಗೆ ಮಾತು ಸಿಗುತ್ತಿಲ್ಲವೆಂದು ಇಂದುಶೇಖರ ತಿಳಿದುಕೊಂಡ. ಇರಲಿ ಬಿಡು ಎಂದು ಹೇಳಲು ಬಾಯಿ ತೆರೆದಿದ್ದ ಕೂಡ.

“ಸರ್,” ಎಂದ ಸೋಮಾರು, “ಅದನ್ನ ತೆಗಿಸಿ.”

“ಏನನ್ನ?”

“ನಿಮ್ಮ ಹೆಸರು. ನಾನು ಎರಡೂ ಕಡೆ ನಾನೇ ಅಂತ ಹೇಳಿದೀನಿ ಸರ್. ಹದಿಮೂರು ದಿನ ಅದೊಂದೇ ಮಾತು ಹೇಳಿದೆ, ಅದಕ್ಕೇ ಬಿಟ್ರು. ಈಗ ಕಾಗದದಲ್ಲಿ ಬೇರೆ ಬಂದ್ರೆ, ಆವತ್ತು ಯಾಕೆ ಸುಳ್ಳು ಹೇಳಿದೆ ಅಂತ ಕರೀತಾರೆ. ಇನ್ನೇನೇನು ಮುಚ್ಚಿಟ್ಟಿದೀಯ ಅಂತಾರೆ. ಆಫೀಸಿಗೆ ಹೋದ ಕಾಗದ ಠಾಣೆಗೆ ಬರತ್ತೆ. ಠಾಣೆಗೆ ಬಂದದ್ದು ಕಾಡಿಗೆ ಹೋಗೋಕೆ ಎರಡು ದಿನ ಸಾಕು.”

“ಹಾಗಾದ್ರೆ ಕೆಲಸ...” ಎಂದ ಇಂದುಶೇಖರ. “ಕಾರಣ ಬರೀದೆ ಅವರು ತಗೊಳ್ಳಲ್ಲಪ್ಪ.”

“ಬೇಡ ಸರ್.”

“ನೀನೇ ಕೇಳಿದ್ಯಲ್ಲ, ಒಂದು ಮಾತು ಹೇಳಿ ಅಂತ.”

“ಗಾಡಿ ಚೆನ್ನಾಗಿ ಓಡಿಸ್ತಾನೆ ಅಂತ ಹೇಳ್ತೀರ ಅಂದುಕೊಂಡೆ ಸರ್,” ಎಂದ ಸೋಮಾರು. ಅದರಲ್ಲಿ ಸಿಟ್ಟಿರಲಿಲ್ಲ. “ಹೊಸ ಡ್ರೈವರಿಗೆ ಮಾತ್ರ ಹೇಳಿ, ಯಾವಾಗ ಬೇಕಾದ್ರೂ ಬರಲಿ. ಇವರು ಕಾಯ್ತಾರೆ,” ಎಂದ. ಯಾರೋ ಅವನನ್ನು ಕರೆದರು. ಬಂದೆ ಎಂದು ಅವರ ಭಾಷೆಯಲ್ಲಿ ಕೂಗಿ, ಫೋನಿಟ್ಟ.

ಫಲಕದಲ್ಲಿ ಹದಿನಾರು ನಿಮಿಷ. ಬೆಳಿಗ್ಗೆ ಕೋಣೆಯಲ್ಲಿ ತಾನು ಹೇಳಿದ ನಾಲ್ಕು ವಾಕ್ಯಗಳನ್ನು ಇಂದುಶೇಖರ ಮತ್ತೆ ಒಂದೊಂದಾಗಿ ನೋಡಿದ. ನಾಲ್ಕೂ ನಿಜವಾಗಿದ್ದವು, ನಾಲ್ಕರಲ್ಲೂ ತಾನೇ ಇದ್ದ. ಇದನ್ನು ಹೇಳುವ ಮೊದಲು ಸೋಮಾರುವನ್ನೊಂದು ಮಾತು ಕೇಳಬೇಕೆಂದು ತೋಚಲೇ ಇಲ್ಲವಲ್ಲ ಎಂದುಕೊಂಡ. ವೇಳೆ ಗೊತ್ತುಮಾಡುವಾಗಲೂ ಹಾಗೆಯೇ ಆಗಿತ್ತು. ಆವತ್ತು ಸೋಮಾರುವಾದರೂ ಕೇಳಿದ್ದ, ಬೆಳಿಗ್ಗೆ ಅಂದರೆ ಸಾಲದೇ ಎಂದು. ಸಂಯುಕ್ತಾಳ ಹೆಸರನ್ನು ಒತ್ತಿದ.

“ಸರ್! ಟೈಪ್ ಮಾಡ್ತಾನೇ ಇದೀನಿ. ಇನ್ನು ಐದು ನಿಮಿಷ, ಅಪ್‌ಲೋಡ್ ಮಾಡಿ ಹೊರಡೋದು.”

“ಅದನ್ನ ಹಾಕಬೇಡಿ. ನಾನು ಬೆಳಿಗ್ಗೆ ಹೇಳಿದ್ದು ಸರಿಯಲ್ಲ.”

“ಯಾವುದು ಸರಿಯಲ್ಲ?”

“ವೇಳೆ ನಾನು ಕೊಟ್ಟೆ ಅನ್ನೋದು. ಕೊಟ್ಟಿರಲಿಲ್ಲ. ಅವನೇ ಮಾಡಿಕೊಂಡಿದ್ದ. ವರದಿಯಲ್ಲಿ ಇರೋದೇ ಸರಿ.”

ಕೀಲಿಗಳ ಟಕಟಕ ನಿಂತಿತು. ಕಾರಣ ಹೇಳಿಬಿಡಬಹುದಿತ್ತು, ಹೇಳಿದರೆ ಅವಳು ಬಾಲಕೃಷ್ಣರಿಗೆ, ಅವರು ಲೀಡ್ಸಿಗೆ, ಬರ್ಮಿಂಗ್‌ಹ್ಯಾಮಿಗೆ, ಒಳ್ಳೆಯ ಉದ್ದೇಶದಿಂದಲೇ ಒಬ್ಬರಾದರೂ ಎಲ್ಲಾದರೂ ಬರೆದಿಡುವರು. ಅವನಿಗೆ ಈ ಜನ ಗೊತ್ತಿತ್ತು. ತಾನೂ ಅವರಲ್ಲಿ ಒಬ್ಬ. ಗೊತ್ತಿಲ್ಲದೆ ಇದ್ದರೆ ಯಾರು ಬಂದು ಕೇಳಿದರೂ ಹೇಳಲು ಇರುವುದಿಲ್ಲ. ಆಚೆ ಬಾಲಕೃಷ್ಣರ ದನಿ ಕೇಳಿಸಿತು: “ಯಾರಮ್ಮ?” ಸಂಯುಕ್ತಾ ಫೋನನ್ನು ಪೂರ್ತಿ ಮುಚ್ಚದೆ ಹೇಳಿದಳು: “ಇಂದುಶೇಖರ್ ಸರ್. ಬೆಳಿಗ್ಗೆ ಹೇಳಿದ್ದು ಸುಳ್ಳಂತೆ.”

ಬಾಲಕೃಷ್ಣ ಫೋನು ತೆಗೆದುಕೊಂಡರು. “ಏನಯ್ಯ ಇದು? ಒಬ್ಬನಿಗೆ ಕೆಲಸ ಕೊಡಿಸೋಕೆ ನಮ್ಮನ್ನೆಲ್ಲ ಕೂರಿಸಿ ನಾಟಕ ಆಡಿದ್ಯಾ?”

“ಹೌದು ಸರ್.”

“ನಾನು ನಿನ್ನ ಭುಜ ಬೇರೆ ತಟ್ಟಿದೆನಲ್ಲೋ!”

“ಹೌದು ಸರ್.”

ಅವರು ಫೋನನ್ನು ಸಂಯುಕ್ತಾಳ ಕೈಗೆ ಕೊಟ್ಟರು. ಅವಳ ದನಿ ಬದಲಾಗಿತ್ತು. ಆಫೀಸಿನಲ್ಲಿ ಅಪರಿಚಿತರ ಜೊತೆ ಆಡುವ ದನಿ ಅದೇ ಇರಬೇಕು. “ಮಿನಿಟ್ಸಿಗೆ ಹೀಗೆ ಹಾಕ್ತೀನಿ. ಓದ್ತೀನಿ, ಕೇಳಿ. ‘ಪ್ರತಿ ಮಂಗಳವಾರ ಹತ್ತೂವರೆಗೆ ಹಳ್ಳಿ ತಲುಪುವಂತೆ ಚಾಲಕನು ತಾನೇ ವೇಳೆಯನ್ನು ಗೊತ್ತುಮಾಡಿಕೊಂಡಿದ್ದನು. ಇದರಲ್ಲಿ ಯಾವ ಟ್ರಸ್ಟಿಯ ಪಾತ್ರವೂ ಇಲ್ಲ. ಅವನನ್ನು ಮತ್ತೆ ನೇಮಿಸಿಕೊಳ್ಳುವುದಿಲ್ಲ.’ ಇಷ್ಟು ಸಾಕಲ್ಲ? ತಪ್ಪೇನಾದ್ರೂ ಇದ್ರೆ ಈಗಲೇ ಹೇಳಿಬಿಡಿ.”

ರಸ್ತೆಯ ತಿರುವಿನಲ್ಲಿ ಬಸ್ಸಿನ ತಲೆ ಕಾಣಿಸಿತು, ಫಲಕದಲ್ಲಿ ಇನ್ನೂ ಹನ್ನೊಂದು ನಿಮಿಷ ಇರುವಾಗಲೇ. ಇಂದುಶೇಖರ ಕೈ ಚಾಚಿದ.

“ಹತ್ತೂವರೆ ಅಲ್ಲ,” ಎಂದ. “ಹತ್ತು ಇಪ್ಪತ್ತೈದು.”